ತಲೆಗೊಂದು ಲೋಟ

ಅಪ್ಪ ಬರೆದಿಟ್ಟು ಹೋದ ಚೀಟಿ ವಾರಿಜಳ ರಸಾಯನಶಾಸ್ತ್ರದ ಪುಸ್ತಕದೊಳಗಿತ್ತು: ‘ಇನ್ನು ನಾನು ಬರುವುದಿಲ್ಲ. ಅಮ್ಮನಿಗೆ ನೀನೇ ಹೇಳು.’

ಸಂಜೆಯಾದರೂ ಅವಳು ಹೇಳಿರಲಿಲ್ಲ. ಅಳುವೂ ಬಂದಿರಲಿಲ್ಲ. ಶಾಖದ್ದು, ಶಕ್ತಿಯದ್ದು ಮುಗಿಸಿ ಸಾಂದ್ರತೆಯ ಲೆಕ್ಕಕ್ಕೆ ಬಂದಿದ್ದಳು: ಉಪ್ಪು ಅಷ್ಟೇ ಇದ್ದು ನೀರು ಕಡಿಮೆಯಾದರೆ ಸಾಂದ್ರತೆ ಎಷ್ಟು?

ಅಡುಗೆಮನೆಯಲ್ಲಿ ಸಾರು ಕುದಿಯುತ್ತಿತ್ತು. ಆ ಮನೆಯಲ್ಲಿ ಸಾರಿಗೆ ದಿನಾ ಒಂದೇ ಹಿಡಿ ಬೇಳೆ, ತಲೆಗೊಂದು ಲೋಟ ನೀರು. ನಾಲ್ಕು ಜನಕ್ಕೆ ನಾಲ್ಕು ಲೋಟ.

“ಲೆಕ್ಕ ಮುಗೀತೇನೇ? ಊಟಕ್ಕೆ ಬಾ,” ಅಮ್ಮ ಕರೆದಳು.

“ಅಪ್ಪ ಬರ್ಲಿ, ಒಟ್ಟಿಗೇ ಕೂರೋಣ.”

ಅಮ್ಮ ತಟ್ಟೆ ಇಟ್ಟು ಬಡಿಸಿದಳು.

ಮೊದಲ ತುತ್ತಿಗೇ ತಂಗಿ ಕಣ್ಣರಳಿಸಿದಳು. “ಅಮ್ಮಾ, ಇವತ್ತು ಸಾರು ಎಷ್ಟು ಗಟ್ಟಿಯಾಗಿದೆ!”

“ಮೂರೇ ಲೋಟ ನೀರು ಹಾಕಿದ್ದು,” ಅಂದಳು ಅಮ್ಮ.