ಕೆಂಚನ ಪಾಲು

ಮೊದಲು ಕೆಂಚ ಹಾಲಿನವನನ್ನು ಕಚ್ಚಿದಾಗ ವಿಮಲಕ್ಕ ಕೈಮುಗಿದು ಕ್ಷಮೆ ಕೇಳಿ ತಮ್ಮ ನಾಯಿಯನ್ನು ಉಳಿಸಿಕೊಂಡಿದ್ದರು. ಈ ಸಲ, ನಾಲ್ಕು ದಿನದ ಹಿಂದೆ, ಅದು ಸರಪಳಿ ಕಿತ್ತುಕೊಂಡು ಹೋಗಿ ಪಕ್ಕದ ಮನೆಯ ನೇತ್ರಾಳ ಗಂಡನ ಬಲಗೈಯನ್ನೇ ಹರಿದುಹಾಕಿತ್ತು. ನಾಯಿ ಇರಬೇಕು, ಇಲ್ಲವೇ ನೀವಿರಬೇಕು ಎಂದು ಇಡೀ ವಠಾರ ಬಾಗಿಲಿಗೆ ಬಂದು ನಿಂತಿತು. ನಾಳೆ ಬೆಳಿಗ್ಗೆ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಅದನ್ನು ಸಾಯಿಸುವುದೆಂದು ತೀರ್ಮಾನವಾಯಿತು.

ಸಂಜೆ ವಿಮಲಕ್ಕ ಕೆಂಚನ ತಲೆ ಸವರುತ್ತ ಅಳುತ್ತಿದ್ದಾಗ ನೇತ್ರಾ ಡಬ್ಬಿ ಹಿಡಿದು ಬಂದಳು. ವಿಮಲಕ್ಕ ಗಾಬರಿಯಿಂದ ಸರಪಳಿ ಬಿಗಿ ಹಿಡಿದರು.

"ತಪ್ಪಾಯ್ತಮ್ಮಾ. ಇದೊಂದು ರಾತ್ರಿ ತಡ್ಕೋ. ನಾಳೆಯಿಂದ ಇದರ ಕಾಟ ಇರಲ್ಲ."

ನೇತ್ರಾ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಬೇಯಿಸಿದ ಲಿವರ್ ತುಂಡುಗಳಿದ್ದವು.

"ಕೆಂಚನಿಗೆ ಅಂತ ತಂದಿದೀನಿ ಅಕ್ಕಾ."

ವಿಮಲಕ್ಕ ಡಬ್ಬಿಗೆ ಕೈ ಅಡ್ಡ ಹಿಡಿದರು. "ಬೇಡ ಕಣಮ್ಮಾ, ನಿನ್ನ ದಮ್ಮಯ್ಯ. ಹೇಗೂ ಸಾಯುತ್ತೆ. ವಿಷ ತಿಂದು ಒದ್ದಾಡೋದು ಬೇಡ."

ನೇತ್ರಾ ಒಂದು ತುಂಡನ್ನು ತಾನೇ ಬಾಯಿಗೆ ಹಾಕಿಕೊಂಡು ಅಗಿದು ನುಂಗಿದಳು.

"ವಿಷ ಇಲ್ಲ ಅಕ್ಕಾ. ಡಾಕ್ಟರಿಗೆ ಬರಬೇಡಿ ಅಂತ ಹೇಳಿಬಿಡಿ."

"ನಿಂಗೇನು ತಲೆ ಕೆಟ್ಟಿದೆಯೇನೇ? ಗಂಡನ ಕೈ ನೋಡಿದೀಯಾ? ಇನ್ನೂ ಒಂದು ತಿಂಗಳು ಎತ್ತೋಕಾಗಲ್ವಂತೆ!"

"ನೋಡಿದೀನಿ ಅಕ್ಕಾ," ಎಂದಳು ನೇತ್ರಾ, ಡಬ್ಬಿಯನ್ನು ಕೆಂಚನ ಮುಂದೆ ಸರಿಸುತ್ತ. "ಅವತ್ತಿಂದ ನನಗೆ ಒಂದೇಟೂ ಬಿದ್ದಿಲ್ಲ."