ಬಚ್ಚಲಿನ ಹಿಂದಿನ ಎಲಿ

“ನಾಕ ಎಲಿ ಇದ್ರ ಕೊಡವ್ವ ತಂಗಿ,” ಎಂದು ಸೋಮವ್ವ ಕೇಳಿದ್ದೇ ತಡ, ಎರಡನೇ ಕ್ಲಾಸಿನ ಮೋಕ್ಷಾಳ ಎದೆ ಧಸಕ್ಕೆಂದಿತು.

ಹುಡುಗಿಯ ಮನೆಯ ತುಳುವಿನಲ್ಲಿ ಇಲಿಗೆ ಎಲಿ ಎನ್ನುವುದು. ನಾಲ್ಕು ಇರಲಿಲ್ಲ, ಒಂದು ಇದ್ದದ್ದು ನಿಜ. ಬೆಕ್ಕಿನ ಬಾಯಿಂದ ಬಿಡಿಸಿದ ಹೆಬ್ಬೆರಳು ಗಾತ್ರದ ಮರಿ. ಮೂರು ದಿನದಿಂದ ಬಚ್ಚಲಿನ ಹಿಂದೆ ಬಿಸ್ಕತ್ತಿನ ಡಬ್ಬದಲ್ಲಿ ಅನ್ನ ತಿಂದುಕೊಂಡು ಸುಖವಾಗಿತ್ತು. ಅಪ್ಪ ಉಮಾನಾಥನಿಗೆ ಗೊತ್ತಾದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಇಲಿಗಳು ಫೋನಿನ ವಯರನ್ನು ಎರಡು ಸಲ ಕಡಿದು, ಅವನ ಟೆಂಪೋಗೆ ಬರಬೇಕಾಗಿದ್ದ ಮದುವೆಯ ಬಾಡಿಗೆ ಬೇರೆಯವರ ಪಾಲಾಗಿತ್ತು. ಕಾಪು ಪೇಟೆಯಿಂದ ಬೋನು ತಂದಿಟ್ಟು, ಇನ್ನು ಒಂದನ್ನೂ ಉಳಿಸುವುದಿಲ್ಲ ಎಂದು ಊಟಕ್ಕೆ ಕುಳಿತಾಗಲೆಲ್ಲ ಹೇಳುತ್ತಿದ್ದ. ಮರಿಯ ವಿಷಯ ಮನೆಯವರಿಗೇ ಗೊತ್ತಿಲ್ಲ. ಬಾಗಲಕೋಟೆ ಕಡೆಯಿಂದ ಕಂಪೌಂಡು ಗೋಡೆಯ ಕೆಲಸಕ್ಕೆ ಬಂದ ಈ ಹೆಂಗಸಿಗೆ ಹೇಗೆ ಗೊತ್ತಾಯಿತು?

“ನಮ್ಮಲ್ಲಿ ಎಲಿ ಇಲ್ಲ,” ಎಂದಳು ಮೋಕ್ಷಾ.

“ಇಲ್ಲ ಅಂತೀಯಲ್ಲ. ಬಚ್ಚಲ ಹಿಂದ ನಾನ ಕಣ್ಣಾರೆ ಕಂಡೀನಿ.” ರೊಟ್ಟಿ ತಿಂದು ಮುಗಿಸಿ ಮರದ ನೆರಳಿನಲ್ಲಿ ಕುಳಿತಿದ್ದ ಸೋಮವ್ವ ಸೊಂಟದ ಚೀಲದಿಂದ ಅಡಿಕೆ ಹೋಳು, ಸುಣ್ಣದ ಡಬ್ಬಿ ತೆಗೆದಿಟ್ಟುಕೊಂಡಳು.

“ನಿಮಗೆ ಎಂತಕ್ಕೆ?”

“ತಿನ್ನಾಕ.”

ಮೋಕ್ಷಾ ಎರಡು ಹೆಜ್ಜೆ ಹಿಂದೆ ಸರಿದಳು. “ದಿನಾ ತಿನ್ನುತ್ತೀರಾ?”

“ಉಂಡ ಮ್ಯಾಲ ಎರಡರೆ ಬೇಕು. ಇಲ್ಲಂದ್ರ ಉಂಡಂಗ ಆಗೂದಿಲ್ಲ. ನಮ್ಮ ಮನಿಯಾಂವ ಒಮ್ಮೆಲೆ ನಾಕ ಬಾಯಾಗ ಹಾಕ್ಕೊಂತಾನ.”

“ಬೇಯಿಸದೆ?”

“ಎಲಿ ಯಾರ ಬೇಯಿಸ್ತಾರ? ಹಿಂದ ಮುಂದ ಚಿವುಟಿ ಒಗಿಯೂದು, ಸುಣ್ಣಾ ಹಚ್ಚೂದು, ಬಾಯಾಗ ಇಟ್ಕೊಳ್ಳೂದು. ಎಳೇವು ಇದ್ರಂತೂ ಭಾಳ ಚಲೋ.”

ಹಿಂದೆ ಎಂದರೆ ಬಾಲ, ಮುಂದೆ ಎಂದರೆ ಮೂತಿ. ಮೋಕ್ಷಾಳ ಕಣ್ಣಲ್ಲಿ ನೀರು ತುಂಬಿತು.

“ನಿನಗ ಕೊಡಾಕ ಅಂಜಿಕಿ ಇದ್ರ ಬಿಡು. ನಿಮ್ಮಪ್ಪಾರ ಬರ್ಲಿ, ಅವರನ್ನ ಕೇಳ್ತೀನಿ.”

“ಬೇಡ ಸೋಮಕ್ಕ. ಪಪ್ಪನ ಹತ್ತಿರ ಕೇಳಬೇಡಿ.” ಕಟ್ಟಿದ ಬೀಡಿ ಕೊಟ್ಟು ಬರಲು ಅಮ್ಮ ಹೊರಗೆ ಹೋಗಿದ್ದಳು. ಮೋಕ್ಷಾ ಅಡುಗೆಮನೆಗೆ ಓಡಿ, ಅಪ್ಪನ ಊಟಕ್ಕೆಂದು ಮುಚ್ಚಿಟ್ಟಿದ್ದ ಹುರಿದ ಬಂಗುಡೆ ಎರಡನ್ನೂ ತಟ್ಟೆ ಸಮೇತ ತಂದು ಮುಂದಿಟ್ಟಳು. “ಅದರ ಬದಲು ಇದು ತಿನ್ನಿ.”

ಸೋಮವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡಳು. “ಶಿವ ಶಿವಾ, ದೂರ ಒಯ್ಯವ್ವ ಅದನ್ನ. ನಾವು ಮೀನ ಮುಟ್ಟಂಗಿಲ್ಲ. ನಮಗ ಎಲಿ ಇದ್ರ ಸಾಕು.”

ಬಂಗುಡೆಗೆ ಮೂಗು ಮುಚ್ಚುವವಳು ಎಲಿಯನ್ನು ಹಸಿಯಾಗಿ ತಿನ್ನುತ್ತಾಳಂತೆ. ಇಂಥ ಜನವನ್ನು ಮೋಕ್ಷಾ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅಷ್ಟರಲ್ಲಿ ಟೆಂಪೋ ಬಂದು ನಿಂತಿತು. ಉಮಾನಾಥ ಇಳಿಯುತ್ತಲೇ ತನ್ನ ಮೀನು ಅಂಗಳದಲ್ಲಿರುವುದನ್ನೂ ಮಗಳು ಮೂಗು ಸೇದುತ್ತಿರುವುದನ್ನೂ ಕಂಡ. “ಎಂತ ಇದೆಲ್ಲ? ಇವಳು ಅಳುವುದು ಯಾಕೆ?”

“ನಾ ಏನೂ ಅಂದಿಲ್ರಿ ಸಾವ್ಕಾರ್ರ. ನಾಕ ಎಲಿ ಕೊಡು ಅಂದೆ, ಅಷ್ಟ.”

“ನಾಲ್ಕು ಯಾಕೆ ಮಾರಾಯ್ತಿ, ಇದ್ದದ್ದೆಲ್ಲ ತೆಗೆದುಕೊಂಡು ಹೋಗು. ನನಗೆ ದೊಡ್ಡ ಉಪಕಾರ. ಫೋನಿನ ವಯರು ಪೂರಾ ತಿಂದು ಹಾಕಿವೆ.”

“ಎಲಿ ವಯರ್ ತಿಂತಾವ್ರಿ?” ಸೋಮವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಧ್ಯಾಹ್ನದ ಹೊತ್ತಿಗೇ ಕುಡಿದು ಬಂದಿದ್ದಾನೋ ಎಂಬ ನೋಟ ಅದು. ಎದ್ದು ಬಚ್ಚಲಿನ ಹಿಂದೆ ಹೋದಳು. ಅಲ್ಲಿ ತೆಂಗಿನ ಮರಕ್ಕೆ ಹಬ್ಬಿದ್ದ ಬಳ್ಳಿಯಿಂದ ನಾಲ್ಕು ವೀಳ್ಯದೆಲೆ ಕಿತ್ತು ತಂದು ಅವನ ಮೂಗಿನ ಮುಂದೆ ಹಿಡಿದಳು. “ಇವ ನೋಡ್ರಿ ಎಲಿ. ಇವು ತಿಂದಾವೇನ್ರಿ ನಿಮ್ಮ ವಯರು?”

ಉಮಾನಾಥ ಟೆಂಪೋದ ಬಾಗಿಲು ಹಿಡಿದುಕೊಂಡು ನಗತೊಡಗಿದ. “ವೀಳ್ಯದೆಲೆಗೆ ನಿಮ್ಮಲ್ಲಿ ಎಲಿ ಅನ್ನುವುದಾ? ನಮ್ಮಲ್ಲಿ ಎಲಿ ಅಂದರೆ ಇಲಿ ಮಾರಾಯ್ತಿ. ನೀನು ಇಲಿ ತಿನ್ನುತ್ತಿ ಅಂತ ಹೆದರಿ ಇವಳು ಅತ್ತದ್ದು.”

“ಥೂ, ನಿಮ್ಮ ಮಾತಿಗೆ ಬೆಂಕಿ ಹತ್ಲಿ,” ಎಂದು ಸೋಮವ್ವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. 

ಮೋಕ್ಷಾ ಮಾತ್ರ ನಗಲಿಲ್ಲ. ಏಕೆಂದರೆ ಅಪ್ಪ ಕಣ್ಣೊರೆಸಿಕೊಂಡವನೇ, “ಈಗ ನೆನಪಾಯಿತು ನೋಡು. ಬಚ್ಚಲಿನ ಹಿಂದೆ ಒಂದು ಬೋನು ಇಡಬೇಕು,” ಎನ್ನುತ್ತ ಅದನ್ನು ತರಲು ಒಳಗೆ ನಡೆದಿದ್ದ. ಅವನು ಬರುವುದರೊಳಗೆ ಹುಡುಗಿ ಹಿಂದಕ್ಕೆ ಓಡಿ, ಬಿಸ್ಕತ್ತಿನ ಡಬ್ಬವನ್ನು ತಂದು ಸೋಮವ್ವಳ ಮಡಿಲಿಗೆ ಹಾಕಿದಳು.

“ನೀವು ತಿನ್ನುವುದಿಲ್ಲ ಅಲ್ವಾ?”

ಸೋಮವ್ವ ಬಾಯಿ ತೆರೆಯುವ ಮೊದಲೇ ಉಮಾನಾಥ ಬೋನು ಹಿಡಿದು ಜಗಲಿಗೆ ಬಂದ. “ಆ ಡಬ್ಬದಲ್ಲಿ ಎಂತ ಉಂಟು?”

ಸೋಮವ್ವ ಮುಚ್ಚಳವನ್ನು ಬೆರಳಗಲ ಎತ್ತಿದಳು. ಒಳಗಿನಿಂದ ಸಾಸಿವೆ ಕಾಳಿನಂಥ ಎರಡು ಕಣ್ಣುಗಳು ಅವಳನ್ನು ನೋಡಿದವು. ಅವಳು ಮೋಕ್ಷಾಳ ಮುಖ ನೋಡಿದಳು. ಮುಚ್ಚಳವನ್ನು ಮೆತ್ತಗೆ ಒತ್ತಿ, ಡಬ್ಬವನ್ನು ಸೆರಗಿನೊಳಗೆ ಇಟ್ಟುಕೊಂಡಳು.

“ಎಲಿ ರೀ ಸಾವ್ಕಾರ್ರ,” ಎಂದಳು. “ಭಾಳ ಎಳೇದು ಐತಿ. ಮನೀಗೆ ಒಯ್ತೀನಿ.”