ಎರಡೇ ಸಬ್ಜೆಕ್ಟು

"ರುದ್ರೇಶಣ್ಣ, ಈ ಪಿಡಿಎಫ್ ವರ್ಡ್ ಮಾಡ್ಕೊಡ್ತೀರಾ? ಬೇಗ."

ನಿಸರ್ಗ ಅವನ ವಾಟ್ಸಾಪಿಗೆ ಫೈಲ್ ಕಳಿಸಿದವಳೇ ತಿರುಗಿ ರಸ್ತೆ ನೋಡಿದಳು. ಅರ್ಧ ನಿಮಿಷಕ್ಕೆ ಇನ್ನೊಮ್ಮೆ ನೋಡಿದಳು. ರುದ್ರೇಶ್ ಫೈಲಿನ ಹೆಸರು ಓದಿದ. ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನ ರಿಸಲ್ಟು. ಅವನ ಕೈ ಮೌಸಿನ ಮೇಲೇ ನಿಂತುಬಿಟ್ಟಿತು.

ತಿಪಟೂರಿನ ಕಾಲೇಜು ರಸ್ತೆಯಲ್ಲಿ ಅವನ ಟೈಪಿಂಗ್ ಅಂಗಡಿಗೆ ಹನ್ನೆರಡು ವರ್ಷ. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ ತೂಗುಹಾಕಿದ್ದ: ಮಾರ್ಕ್ಸ್ ಕಾರ್ಡ್ ತಿದ್ದಿಕೊಡುವುದಿಲ್ಲ. ಎಷ್ಟೋ ಹುಡುಗರು ಕೈಕಾಲು ಹಿಡಿದಿದ್ದರು. ಜಪ್ಪಯ್ಯ ಅಂದರೂ ಆಸಾಮಿ ಬಗ್ಗಿರಲಿಲ್ಲ.

"ವರ್ಡ್ ಯಾಕಮ್ಮ?"

"ಸ್ವಲ್ಪ ತಿದ್ದಬೇಕಿತ್ತು."

"ಬೋರ್ಡ್ ಓದಿದ್ಯಾ?"

"ಓದ್ದೆ ಅಣ್ಣ. ಎರಡೇ ಸಬ್ಜೆಕ್ಟು."

ಅಷ್ಟು ಹೇಳುವುದರೊಳಗೆ ಅವಳ ಕಣ್ಣು ತುಂಬಿತು. ಅಯ್ಯೋ ಪಾಪವೇ ಅನ್ನಿಸಿತು ರುದ್ರೇಶನಿಗೆ. ಅವಳಪ್ಪ ತೋಂಟದಾರ್ಯ ಕೊಬ್ಬರಿ ವ್ಯಾಪಾರಿ; ಮನೆಯ ಸುದ್ದಿಯನ್ನು ಮಾರುಕಟ್ಟೆಗೆಲ್ಲ ಹಂಚುವ ಮನುಷ್ಯ. ಮಗಳಿಗೆ ದಂಡಿನಶಿವರದ ಕಡೆಯ ಗಂಡು, ಭಾನುವಾರ ನಿಶ್ಚಿತಾರ್ಥ. ಗಂಡಿನವರದು ಒಂದೇ ಪಟ್ಟು: ಹುಡುಗಿ ಡಿಗ್ರಿ ಪಾಸಾಗಿರಬೇಕು, ರಿಸಲ್ಟ್ ಕಾಗದ ಕಣ್ಣಿಗೆ ಕಾಣಬೇಕು. ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಹೋದ ವಾರ ಜೆರಾಕ್ಸ್ ಮಾಡಿಸಲು ಬಂದಾಗ ತೋಂಟದಾರ್ಯನೇ ನಗುನಗುತ್ತಾ ಹೇಳಿ ಹೋಗಿದ್ದ.

"ಮತ್ತೆ ಪರೀಕ್ಷೆ ಬರೆದ್ರೆ ಆಗಲ್ವೇನಮ್ಮ? ಆರು ತಿಂಗಳು ತಾನೇ?"

"ಆರು ತಿಂಗ್ಳು ಅವ್ರು ಕಾಯಲ್ಲ ಅಣ್ಣ. ಖಡಾಖಂಡಿತವಾಗಿ ಹೇಳವ್ರೆ."

"ಅಪ್ಪನ ಹತ್ರ ಬಾಯ್ಬಿಟ್ಟು ಹೇಳಬಾರ್ದಾ?"

"ಮೂರು ಸಲ ಹೇಳಕ್ಕೆ ಹೋದೆ. ಎಲ್ಲಾ ಸರಿಹೋಯ್ತದೆ ಬುಡು ಅಂತಾರೆ." ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಹರಾಜು ಮುಗಿಸ್ಕೊಂಡು ಇಲ್ಲಿಗೇ ಬತ್ತೀನಿ, ಪ್ರಿಂಟ್ ತೆಗ್ಸಿಡು ಅಂದವ್ರೆ. ನನ್ನ ಜೀವನದ ಪ್ರಶ್ನೆ ಅಣ್ಣ."

ರುದ್ರೇಶ್ ತನ್ನ ತಂಗಿ ಆಶಾಳನ್ನು ನೆನೆದ. ಕೂಡಿಬಂದ ಸಂಬಂಧ ಮುರಿದುಹೋದ ಮೇಲೆ ಆ ಹುಡುಗಿ ಒಂದು ವರ್ಷ ಬೀದಿಗೆ ಇಳಿದಿರಲಿಲ್ಲ. ಹಾಳಾಗಿ ಹೋಗಲಿ ಬೋರ್ಡು, ಒಂದು ಮದುವೆ ನಿಲ್ಲುವುದಕ್ಕಿಂತ ದೊಡ್ಡದೇ ಎಂದುಕೊಂಡ. ಆದರೂ ಜೀವ ಪುಕಪುಕ ಅನ್ನುತ್ತಿತ್ತು.

"ನೋಡು, ನಾನು ಕನ್ವರ್ಟ್ ಮಾಡ್ಕೊಡ್ತೀನಿ, ಅಷ್ಟೇ. ನಂಬರ್ ಮುಟ್ಟಲ್ಲ, ನೋಡೋದೂ ಇಲ್ಲ. ನಿನ್ನ ಪಾಪ ನಿಂಗೆ. ಕೆಲಸಕ್ಕೆ, ಆಫೀಸಿಗೆ ಈ ಕಾಗದ ಹೋಗಕೂಡದು."

"ಅಪ್ಪಂಗೆ ತೋರ್ಸಿ ಹರಿದುಹಾಕ್ತೀನಿ."

ಫೈಲನ್ನು ತೆರೆಯದೆ ಹಾಗೇ ಸಾಫ್ಟ್‌ವೇರಿಗೆ ಎಳೆದುಹಾಕಿದ. ತೆರೆಯ ಮೇಲೆ ಚಕ್ರ ಸುತ್ತತೊಡಗಿತು. ಸುತ್ತಿತು, ನಿಂತಿತು, ಮತ್ತೆ ಸುತ್ತಿತು. ಹೊರಗೆ ಯಾವುದೋ ಸ್ಕೂಟರ್ ನಿಂತ ಸದ್ದಿಗೆ ನಿಸರ್ಗ ಬೆಚ್ಚಿಬಿದ್ದಳು. ಅದು ಬೇರೆ ಯಾರೋ.

ಕಡೆಗೂ ವರ್ಡ್ ತೆರೆಯಿತು. ಅಂಕಿಗಳು ಸಾಲಾಗಿಯೇ ಬಂದಿದ್ದವು, ಕನ್ನಡದ ಶಿರೋನಾಮೆ ಮಾತ್ರ ಚಿಂದಿ ಚಿತ್ರಾನ್ನ. ಒತ್ತಕ್ಷರಗಳೆಲ್ಲ ಒಂದೊಂದು ದಿಕ್ಕಿಗೆ ಓಡಿದ್ದವು. ರುದ್ರೇಶ್ ಮೇಲಿನ ಎರಡು ಸಾಲನ್ನಷ್ಟೇ ನೋಡುತ್ತಾ ಹೊಸದಾಗಿ ಟೈಪ್ ಮಾಡಿದ. ಕೆಳಗೆ ಕಣ್ಣು ಹಾಯಿಸಲಿಲ್ಲ. ಮಾತು ಅಂದರೆ ಮಾತು. ಎದ್ದು ಅವಳನ್ನು ಕೂರಿಸಿ, ಜೆರಾಕ್ಸ್ ಮಷೀನಿನತ್ತ ಮುಖ ಮಾಡಿ ನಿಂತ.

ಕೀಲಿಮಣೆ ಆರೇಳು ಸಲ ಸದ್ದು ಮಾಡಿತು.

"ಆಯ್ತಾ? ಅಳತೆ ಮೀರಿ ಹಾಕ್ಕೊಂಡಿಲ್ಲ ತಾನೇ? ಅನುಮಾನ ಬಂದಾತು."

"ಇಲ್ಲ ಅಣ್ಣ. ಕಮ್ಮೀನೇ ಹಾಕಿದೀನಿ."

ಒಳ್ಳೆಯ ಹುಡುಗಿ, ಆಸೆಬುರುಕಿಯಲ್ಲ ಎಂದುಕೊಂಡು ಅವನು ಅದನ್ನು ಮತ್ತೆ ಪಿಡಿಎಫ್ ಮಾಡಿದ. ಪ್ರಿಂಟ್ ಒತ್ತಿದ. ಕಾಗದ ಬೋರಲಾಗಿ ಟ್ರೇಗೆ ಬಿತ್ತು. ಅಷ್ಟರಲ್ಲೇ ತೋಂಟದಾರ್ಯ ಮೆಟ್ಟಿಲು ಹತ್ತಿ ಬಂದ.

"ಏನವ್ವ, ಬಂತಾ?"

ನಿಸರ್ಗ ಟ್ರೇಯತ್ತ ನೋಡಿದಳು. ಅವಳನ್ನು ಪಾರುಮಾಡಲು ರುದ್ರೇಶನೇ ಮುಂದೆ ಬಿದ್ದ. "ಬಂತು ಕಣ್ರೀ ಸಾವ್ಕಾರ್ರೇ! ಮೊದ್ಲು ಸ್ವೀಟ್ ತರ್ಸಿ!"

ತೋಂಟದಾರ್ಯ ಕನ್ನಡಕ ಏರಿಸಿಕೊಂಡು ಕಾಗದ ತಿರುವಿದ. ಬೆರಳು ಒಂದೊಂದೇ ಸಾಲು ಇಳಿಯಿತು. ಒಂದು ಕಡೆ ನಿಂತಿತು. ಇನ್ನೊಂದು ಕಡೆ ನಿಂತಿತು.

"ಸ್ವೀಟು ಯಾತುಕ್ಕಪ್ಪ? ಎರಡು ಸಬ್ಜೆಕ್ಟು ಹೋಗವಲ್ಲ."

ರುದ್ರೇಶನ ಎದೆ ಧಸಕ್ಕೆಂದಿತು. ತೆರೆಯ ಮೇಲೆ ಒಂದೇ ಹೆಸರಿನ ಎರಡು ಫೈಲು! ತಿದ್ದಿದ್ದನ್ನು ಬಿಟ್ಟು ಹಳೆಯದನ್ನೇ ಪ್ರಿಂಟ್ ಕೊಟ್ಟೆನೇ?

ತೋಂಟದಾರ್ಯ ಅಲ್ಲೇ ನಿಂತು ಗಂಡಿನವರಿಗೆ ಫೋನ್ ಹಚ್ಚಿದ. "ಹುಡುಗಿ ಫೇಲಾಗವ್ಳೆ ಕಣ್ರೀ... ಮುಂದಿನ ಸಲ ಪಾಸ್ ಮಾಡ್ಕೊತಾಳೆ... ಹಂಗಾ? ಸರಿ ಬುಡಿ." ಫೋನ್ ಜೇಬಿಗೆ ಹಾಕಿದ. "ಬೇರೆ ಕಡೆ ನೋಡ್ಕೊತಾರಂತೆ."

ನಿಸರ್ಗ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ತೋಂಟದಾರ್ಯ ಮಗಳ ತಲೆ ಸವರಿದ. "ಅಳಬ್ಯಾಡ ಬುಡವ್ವ. ಮತ್ತೆ ಬರಿವಂತೆ, ಮುಂದಕ್ಕೂ ಓದ್ಕೊಳ್ಳುವಂತೆ." ಅಪ್ಪ ಮಗಳು ಸ್ಕೂಟರ್ ಹತ್ತಿ ಹೋದರು.

ರುದ್ರೇಶ್ ಹಣೆ ಹಣೆ ಚಚ್ಚಿಕೊಂಡ. ಎಂಥ ಎಡವಟ್ಟು ಮಾಡಿಬಿಟ್ಟೆ, ನನ್ನ ಕೈಯಾರೆ ಒಂದು ಹುಡುಗಿಯ ಬದುಕು ಮುರಿದೆನಲ್ಲ ಎಂದುಕೊಂಡ. ಅವಳು ಕಳಿಸಿದ ಮೂಲ ಫೈಲನ್ನು ಮೊದಲ ಬಾರಿಗೆ ತೆರೆದ.

ಅದರಲ್ಲಿ ನಿಸರ್ಗ ಆರಕ್ಕೆ ಆರೂ ಪಾಸಾಗಿದ್ದಳು, ಡಿಸ್ಟಿಂಕ್ಷನ್ ಬೇರೆ.